ಸಕ್ಕರೆ ಬದಲು ಕಬ್ಬಿನ ಹಾಲು: ತುಂಬಾ ದಿನ ಬಳಸಿದ್ಮೇಲೆ ಅನ್ಸಿದ್ದು

ಸಕ್ಕರೆ ಜಾಗಕ್ಕೆ ಕಬ್ಬಿನ ಹಾಲು ತಂದು ವರ್ಷದ ಮೇಲಾಯ್ತು, ನನಗಂತೂ ತುಂಬಾ ಇಷ್ಟ ಆಗಿದೆ. ಆದ್ರೆ ಒಂದು ತಿಳ್ಕೊಳ್ಳಿ, ಇದರಲ್ಲಿ ನೂರಕ್ಕೆ 80ರ ಮೇಲೆ ಬರೀ ನೀರು, ಸಿಹಿ ಅಂಶ ಹೆಚ್ಚುಕಮ್ಮಿ 13ರಿಂದ 15 ಭಾಗ ಅಷ್ಟೇ. ಒಂದು ಟೀ ಸ್ಪೂನ್ ಸಕ್ಕರೆಯಷ್ಟು ಸಿಹಿಗೆ 30 ಎಂಎಲ್ ಹತ್ರ ರಸ ಬೇಕು. ಹಾಗಾಗಿ ನೀರು ಹಾಕೋ ಕಡೆಯೆಲ್ಲ ಚೆನ್ನಾಗಿ ಒಗ್ಗುತ್ತೆ, ನಿಂಬೆ ಶರಬತ್ತು, ಗಂಜಿ, ಸ್ಮೂದಿ, ಬ್ಲ್ಯಾಕ್ ಟೀ ಯಾವುದಾದ್ರೂ ಸರಿ, ಅಷ್ಟು ನೀರು ಕಮ್ಮಿ ಮಾಡಿ ರಸ ಹಾಕಿ, ಸಕ್ಕರೇಲಿ ಸಿಗದೇ ಇರೋ ಒಂದು ಹಸಿ ಘಮ ಬರತ್ತೆ, ನಿಂಬೆ ಜೊತೆಗಂತೂ ಸೂಪರ್.

ಬಿಸ್ಕೆಟ್ ಹಿಟ್ಟಿಗೆ ನೇರ ಹಾಕ್ಬೇಡಿ, ತೆಳ್ಳಗಾಗಿ ಕೈಗೆ ಅಂಟತ್ತೆ. ಅದಕ್ಕೆ ಪಾಕನೇ ಬೇಕು. ಸೋಸಿದ ರಸ ಅಗಲ ಪಾತ್ರೇಲಿ ಕುದಿಸ್ತಾ ಮೇಲೆ ಬರೋ ನೊರೆ ತೆಗೀತಾ ಇರಿ, ಐದಾರು ಪಾಲಲ್ಲಿ ಒಂದು ಪಾಲು ಉಳಿಯೋ ಹೊತ್ತಿಗೆ ಜೇನಿನ ಹದಕ್ಕೆ ಬರತ್ತೆ, ಟೈಮು ಗ್ಯಾಸು ಎರಡೂ ಜಾಸ್ತಿನೇ ಹಿಡಿಯತ್ತೆ ಆದ್ರೆ ಆ ರುಚಿಗೆ ಮಾಡಬಹುದು. ಹಾಲಿನ ಟೀ ಆದ್ರೆ ಒಲೆಯಿಂದ ಇಳಿಸಿ ಸ್ವಲ್ಪ ಆರಿದ್ಮೇಲೆ ತಾಜಾ ರಸ ಹಾಕಿ, ರಸಕ್ಕೆ ಸ್ವಲ್ಪ ಹುಳಿ ಗುಣ ಇರೋದ್ರಿಂದ ಕುದಿಯೋ ಹಾಲಿಗೆ ಸುರಿದ್ರೆ ಒಡೆಯೋ ಚಾನ್ಸ್ ಇದೆ.

ದೊಡ್ಡ ತಲೆನೋವು ಅಂದ್ರೆ ಇಡೋದು. ಹಿಂಡಿದ ಸ್ವಲ್ಪ ಹೊತ್ತಿಗೇ ಕಬ್ಬಿನಲ್ಲಿರೋ ಎಂಜೈಮ್‌ಗಳಿಂದ ಬಣ್ಣ ಕಪ್ಪಾಗತ್ತೆ, ನಿಂಬೆರಸ ಹಿಂಡಿದ್ರೆ ಅದು ನಿಧಾನ ಆಗತ್ತೆ. ಹೊರಗೇ ಬಿಟ್ರೆ ಯೀಸ್ಟ್ ಸೇರಿ ಹುಳಿ ಬರತ್ತೆ, ಕೆಲವು ಬ್ಯಾಕ್ಟೀರಿಯಾದಿಂದ ಲೋಳೆನೂ ಆಗತ್ತೆ. ವಾಸನೆ ಬದಲಾಗಿದ್ರೆ ಚೆಲ್ಲಿಬಿಡಿ, ಕುದಿಸಿ ಸರಿಮಾಡೋಣ ಅಂತ ಹೋಗ್ಬೇಡಿ. ನಾನು ಹಿಂಡಿದ ತಕ್ಷಣ ಐಸ್ ಟ್ರೇಗೆ ಸುರಿದು ಫ್ರೀಜರ್‌ಗೆ ಇಡ್ತೀನಿ, ಬೇಕಾದಾಗ ಎರಡು ಕ್ಯೂಬ್ ಶರಬತ್ತಿಗೆ ಹಾಕಿದ್ರೆ ತಂಪೂ ಆಯ್ತು ಸಿಹಿನೂ ಆಯ್ತು. ಕಬ್ಬು ಸಿಪ್ಪೆ ತೆಗೆದು ಚೆನ್ನಾಗಿ ತೊಳೆದಿರಬೇಕು, ಯಂತ್ರನೂ ಕ್ಲೀನ್ ಇರಬೇಕು, ಹಸಿಯಾಗೇ ಕುಡಿಯೋದಲ್ವಾ.

ಇನ್ನು ನ್ಯಾಚುರಲ್ ಅಂತ ಎಷ್ಟು ಬೇಕಾದ್ರೂ ಹಾಕೋರಿದ್ದಾರೆ, ದಯವಿಟ್ಟು ಬೇಡ. ಪೊಟ್ಯಾಸಿಯಂ ಥರದ್ದು ಸ್ವಲ್ಪ ಇದೆ ನಿಜ, ಆದ್ರೆ ಇದರ ಸಿಹಿ ಬಹುಪಾಲು ಸುಕ್ರೋಸ್, ಅಂದ್ರೆ ಡಬ್ಬೀಲಿರೋ ಸಕ್ಕರೇನೇ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸಕ್ಕರೆಗೆ ಹಾಕಿದ ಮಿತಿ ದಿನದ ಒಟ್ಟು ಕ್ಯಾಲೊರಿಯ ನೂರಕ್ಕೆ 10 ಭಾಗಕ್ಕಿಂತ ಕಮ್ಮಿ, ಅದರಲ್ಲಿ ಜೇನು, ಸಿರಪ್, ಹಣ್ಣಿನ ರಸದ ಸಕ್ಕರೇನೂ ಲೆಕ್ಕಕ್ಕೆ ಸೇರತ್ತೆ. ಶುಗರ್ ಇರೋರಿಗೆ ನಾನಂತೂ ಇದನ್ನ ಹಾಕಿ ಕೊಡಲ್ಲ.