ನಿದ್ದೆ ಅಳೆಯಲು ಬ್ಯಾಂಡೋ, ವಾಚೋ, ಉಂಗುರವೋ?

ಕಾಸರಗೋಡಿನ ಬದಿಯಡ್ಕದಲ್ಲಿ ತೋಟ ನೋಡಿಕೊಳ್ಳುವವರು, ನಿದ್ದೆ ಅಳೆಯಲು ಮಣಿಕಟ್ಟಿನ ಫಿಟ್‌ನೆಸ್ ಬ್ಯಾಂಡ್, ಸ್ಮಾರ್ಟ್ ವಾಚ್, ಬೆರಳಿಗೆ ಹಾಕುವ ಸ್ಮಾರ್ಟ್ ಉಂಗುರ ಇವುಗಳಲ್ಲಿ ಯಾವುದು ಕೊಳ್ಳಬೇಕು ಎಂದು ಕೇಳಿದ್ದೀರಿ.

ಬೆಲೆಯಲ್ಲಿ ಬ್ಯಾಂಡ್‌ಗೆ ಎದುರಿಲ್ಲ. ಎರಡು-ಮೂರು ಸಾವಿರಕ್ಕೆ ಸಿಗುತ್ತದೆ. ಒಳ್ಳೆಯ ಉಂಗುರಕ್ಕೆ ಹತ್ತು ಸಾವಿರ ದಾಟುತ್ತದೆ, ಕೆಲವಕ್ಕೆ ತಿಂಗಳ ಚಂದಾ ಬೇರೆ.

ಒಮ್ಮೆ ಚಾರ್ಜ್ ಮಾಡಿದರೆ ಬ್ಯಾಂಡ್ ವಾರ ಬರುತ್ತದೆ, ಉಂಗುರ ನಾಲ್ಕೈದು ದಿನ. ದುಬಾರಿ ವಾಚ್‌ಗಳಲ್ಲಿ ಹಲವು ಒಂದೆರಡು ದಿನಕ್ಕೇ ಸುಸ್ತು. ಮಳೆಗಾಲದಲ್ಲಿ ಕರೆಂಟು ಹೋಗುವ ಊರಿಗೆ ಇದು ಸಣ್ಣ ವಿಷಯವಲ್ಲ, ಅಲ್ವಾ?

ಅಡಿಕೆ ಸುಲಿಯುವ, ಹಾರೆ ಹಿಡಿಯುವ ಕೈಗೆ ಉಂಗುರ ಅಡ್ಡಿ. ಸೆಕೆಗೆ ಬ್ಯಾಂಡಿನ ಪಟ್ಟಿಯಡಿ ತುರಿಕೆ ಬರಬಹುದು. ದಿನಾ ತೊಳೆದು ಒಣಗಿಸಿ.

ನಿಖರತೆ? ಮೂರೂ ಅಲುಗಾಟ, ನಾಡಿಬಡಿತ ನೋಡಿ ಊಹಿಸುತ್ತವೆ. ಎಷ್ಟು ಹೊತ್ತು ಮಲಗಿದಿರಿ ಎಂಬ ಲೆಕ್ಕ ಸುಮಾರಾಗಿ ಸರಿಯೇ ಇರುತ್ತದೆ. ಆದರೆ ಸುಮ್ನೆ ಕಣ್ಣುಬಿಟ್ಟು ಬಿದ್ದುಕೊಂಡದ್ದೂ ಕೆಲವೊಮ್ಮೆ ನಿದ್ದೆಯ ಲೆಕ್ಕಕ್ಕೆ ಸೇರುತ್ತದೆ. ಗಾಢ ನಿದ್ದೆಯ ನಿಮಿಷಗಳನ್ನಂತೂ ಜಾಸ್ತಿ ನಂಬಬೇಡಿ. ದೇಹ ಎಷ್ಟು ಚೇತರಿಸಿಕೊಂಡಿದೆ ಎಂದು ತಿಳಿಯಲು, ಬೆಳಿಗ್ಗೆ ಆ್ಯಪ್ ತೋರಿಸುವ ಅಂಕಕ್ಕಿಂತ ವಿಶ್ರಾಂತಿಯ ನಾಡಿಬಡಿತ ನೋಡಿ. ಜ್ವರ, ಕುಡಿತ, ಅತಿ ದುಡಿಮೆ ಅದನ್ನು ಏರಿಸುತ್ತವೆ.

ಮೊದಲ ಸಲವಾದರೆ ಬ್ಯಾಂಡ್. ಮಣಿಕಟ್ಟಿಗೆ ಏನಿದ್ದರೂ ನಿದ್ದೆ ಬಾರದವರಿಗೆ ಉಂಗುರ. ಓಟ, ಫೋನ್ ಕರೆಯೂ ಬೇಕಿದ್ದರೆ ವಾಚ್. ಗೊರಕೆಯ ನಡುವೆ ಉಸಿರುಕಟ್ಟಿ ಏಳುವವರು ಮೊದಲು ಡಾಕ್ಟರಲ್ಲಿಗೆ ಹೋಗಿ. ಬೆಳಗಿನವರೆಗೆ ಯಕ್ಷಗಾನ ನೋಡಿ ಹಗಲು ಮಲಗುವವರು, ಹಗಲಿನ ನಿದ್ದೆಯನ್ನೂ ಲೆಕ್ಕ ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲೇ ವಿಚಾರಿಸಿ.