ಊದೋ ಮೆಷಿನ್ ಜೊತೆ 14 ತಿಂಗಳು, ಎಷ್ಟು ನಂಬಬಹುದು?

ನಾನಿರೋದು ನ್ಯೂಜೆರ್ಸಿಲಿ. ಕುಡಿಯೋದು ಬಿಡ್ತೀನಿ ಅಂತ ಕೂತಾಗ ಕೌನ್ಸೆಲರ್ ಹೇಳಿದ್ರು ಅಂತ ಈ ಕ್ಯಾಮೆರಾ ಇರೋ ಬ್ರೆತ್ ಮೀಟರ್ ಬಾಡಿಗೆಗೆ ತಗೊಂಡೆ. ಬೆಳಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ಊದ್ಬೇಕು, ಊದ್ತಿದ್ದ ಹಾಗೇ ಫೋಟೋ ಹೊಡ್ದು ರೀಡಿಂಗ್ ಸಮೇತ ಹೆಂಡ್ತಿ ಫೋನಿಗೆ ಕಳಿಸುತ್ತೆ, ಬೇರೆಯವರ ಕೈಲಿ ಊದಿಸೋ ಆಟ ನಡೆಯಲ್ಲ.

ಸೆನ್ಸರ್ ಬಗ್ಗೆ ಕಂಪ್ಲೇಂಟ್ ಇಲ್ಲ, ಫ್ಯೂಯಲ್ ಸೆಲ್ದು (ಉಸಿರಲ್ಲಿರೋ ಆಲ್ಕೋಹಾಲಿಂದ ಹುಟ್ಟೋ ಕರೆಂಟ್ ಅಳೆಯೋದು), ಪೊಲೀಸ್ರ ಕೈ ಮೀಟರಲ್ಲಿರೋ ಜಾತಿದೇ. ಒಂದಿನ ಆಲ್ಕೋಹಾಲ್ ಇರೋ ಮೌತ್‌ವಾಶಲ್ಲಿ ಬಾಯಿ ಮುಕ್ಕಳಿಸಿ ಹಾಗೇ ಊದ್ಬಿಟ್ಟೆ, 0.06 (ರಕ್ತದಲ್ಲಿ ಶೇಕಡಾ ಎಷ್ಟು ಆಲ್ಕೋಹಾಲ್ ಅನ್ನೋ ಲೆಕ್ಕ)! ಇಲ್ಲಿ ಗಾಡಿ ಓಡ್ಸೋಕೆ ಲಿಮಿಟ್ಟೇ 0.08. ಹೆಂಡ್ತಿ ಸೌಟು ಹಿಡ್ಕೊಂಡೇ ಬಾಗ್ಲಿಗೆ ಬಂದು ನಿಂತ್ಲು. ನೀರು ಹಾಕಿ ಬಾಯಿ ತೊಳ್ದು 15 ನಿಮಿಷ ಬಿಟ್ಟು ಊದ್ದೆ, ಸೊನ್ನೆ. ಬಾಯಲ್ಲಿರೋದು ಅಷ್ಟರಲ್ಲಿ ಆರಿಹೋಗುತ್ತೆ, ರಕ್ತದಲ್ಲಿರೋದು ಹೋಗಲ್ಲ. ಹೋಮಿಯೋಪತಿ ಡ್ರಾಪ್ಸ್ ತಗೊಳೋರೂ ನೆನಪಿಟ್ಕೊಳಿ, ಅದ್ರಲ್ಲೂ ಸಾಮಾನ್ಯವಾಗಿ ಆಲ್ಕೋಹಾಲ್ ಇರುತ್ತೆ.

ತೂತು ಇರೋದು ಎರಡು ಟೆಸ್ಟಿನ ಮಧ್ಯೆ. ನಾಲ್ಕನೇ ತಿಂಗಳು ಒಂದಿನ ರಾತ್ರಿ 10ರದ್ದು ಮುಗ್ಸಿ ಗ್ಯಾರೇಜಲ್ಲಿ ಎರಡು ಪೆಗ್ ಹಾಕ್ದೆ (ಹೂಂ, ಹಾಕ್ದೆ). ದೇಹ ಗಂಟೆಗೆ ಸುಮಾರು 0.015 ಇಳಿಸುತ್ತೆ, ಬೆಳಗ್ಗೆ 6ಕ್ಕೆ ನೀಟಾಗಿ ಸೊನ್ನೆ, ಫೋಟೋದಲ್ಲಿ ಬೇರೆ ನಗ್ತಾ ಇದೀನಿ. ಮಾರನೇ ದಿನ ಕೌನ್ಸೆಲರ್ ಮಾಡ್ಸಿದ ಇಟಿಜಿ ಯೂರಿನ್ ಟೆಸ್ಟಲ್ಲಿ (ಆಲ್ಕೋಹಾಲ್ ಕರಗಿದ್ಮೇಲೆ ದೇಹದಲ್ಲಿ ಉಳಿಯೋ ಗುರುತು ಹುಡುಕೋದು) ಸಿಕ್ಕಾಕ್ಕೊಂಡೆ, ಅದು ಎರಡು ಮೂರು ದಿನ ಹಿಂದಿಂದೂ ಹಿಡಿಯುತ್ತೆ. ನಮ್ಮ ಗುಂಪಲ್ಲಿ ಒಬ್ರಿಗೆ ಕೋರ್ಟು ಕಾಲಿಗೇ ಬ್ಯಾಂಡ್ ಹಾಕ್ಸಿದೆ, ಅರ್ಧರ್ಧ ಗಂಟೆಗೆ ಬೆವರು ನೋಡುತ್ತೆ, ಚರ್ಮದವರೆಗೆ ಬರೋದು ತಡ ಆದ್ರೂ ಅದಕ್ಕೆ ಈ ಗ್ಯಾರೇಜ್ ಆಟ ನಡೆಯಲ್ಲ.

ನಂಗೆ ನಿಜವಾಗ್ಲೂ ಉರಿದಿದ್ದು ಫೆಬ್ರವರಿಲಿ. ಒಬ್ನೇ ತೀರ್ಥಹಳ್ಳಿ ಕಡೆ ಮದ್ವೆಗೆ ಹೋಗಿದ್ದೆ, ಇಲ್ಲಿನ ಮಧ್ಯಾಹ್ನ 2 ಅಂದ್ರೆ ಅಲ್ಲಿ ರಾತ್ರಿ ಹನ್ನೆರಡೂವರೆ, ಎದ್ದು ಬಚ್ಚಲು ಮನೆಲಿ ಊದ್ತಾ ಇದ್ರೆ ಸೋದರಮಾವ ಇಣುಕಿ "ಅಸ್ತಮಾನೇನೋ?" ಅಂದ್ರು, ಹೂಂ ಅಂದೆ. ಊದಿದ್ದೆಲ್ಲ ನೆಟ್‌ವರ್ಕ್ ಸಿಗದೆ ಮೆಷಿನ್ ಒಳಗೇ ಕೂತಿತ್ತು, ಹೆಂಡ್ತಿಗೆ ಮಾತ್ರ 'ಟೆಸ್ಟ್ ತಪ್ಪಿದೆ' ಅಂತ ಮೆಸೇಜ್ ಮೇಲೆ ಮೆಸೇಜ್. ಕುಡಿದ್ರೂ ಕೆಂಪು, ಸಿಗ್ನಲ್ ಇಲ್ದಿದ್ರೂ ಅದೇ ಕೆಂಪು, ಇದೆಂಥ ಲೆಕ್ಕ? ಕಸ್ಟಮರ್ ಕೇರ್‌ನೋರು ಕೊಟ್ಟ ಉತ್ತರ ರೀಸ್ಟಾರ್ಟ್ ಮಾಡಿ ಅಂತ. ಶಿವಮೊಗ್ಗಕ್ಕೆ ಬಂದ್ಮೇಲೆ ಎಲ್ಲಾ ಒಟ್ಟಿಗೆ ಹೋಯ್ತು, ಅಷ್ಟರಲ್ಲಿ ಎರಡು ದಿನ ಅವ್ಳು ಮಾತೇ ಬಿಟ್ಟಿದ್ಲು.

ಮೂರೂವರೆ ಸ್ಟಾರ್. ಬಾಡಿಗೆ ರಿನ್ಯೂ ಮಾಡಿದೀನಿ, ರಾತ್ರಿದಕ್ಕೆ ಮಾತ್ರ ಈಗ ಟೈಮ್ ಇಲ್ಲ, ಹೆಂಡ್ತಿ ಯಾವಾಗ ಊದು ಅಂತಾಳೋ ಆವಾಗ. ನಿನ್ನೆ ಒಂದೂ ಮುಕ್ಕಾಲಿಗೆ ಎಬ್ಬಿಸಿದ್ಲು.