ಸಾಫ್ಟ್‌ವೇರ್ ಎಂಜಿನಿಯರಿಂಗ್ ಡಿಗ್ರಿಗೆ ಫೀಸ್ ಕಟ್ಟುವ ಮುಂಚೆ ದಯವಿಟ್ಟು ಇದನ್ನು ಓದಿ

ಅಪ್ಲೈಡ್ ಸಾಫ್ಟ್‌ವೇರ್ ಎಂಜಿನಿಯರಿಂಗ್ ಬ್ಯಾಚುಲರ್ ಡಿಗ್ರಿಗೆ ಸೇರಬೇಕು ಅಂತಿದ್ದೀರಾ? ಕೊನೆಯ ವರ್ಷದ ಪ್ರಾಜೆಕ್ಟ್ ಯಾರಿಗೋಸ್ಕರ ಮಾಡಿಸುತ್ತಾರೆ ಅಂತ ಕೇಳದೆ ಒಂದು ಪೈಸೆಯನ್ನೂ ಕಟ್ಟಬೇಡಿ. ಮೂರು ಸಲ ಕೇಳಿ. ನನಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಸೇರುವಾಗ ಕೌನ್ಸೆಲರ್ ಹೇಳಿದ್ದು ಇದು: "ನಮ್ಮಲ್ಲಿ ಥಿಯರಿ ಕಮ್ಮಿ. ಮೊದಲ ಸೆಮಿಸ್ಟರ್‌ನಿಂದಲೇ ಗಿಟ್, ಕೋಡ್ ರಿವ್ಯೂ, ಟೆಸ್ಟಿಂಗ್. ಕೊನೆಯ ವರ್ಷ ಪೂರ್ತಿ ಹೊರಗಿನ ಕ್ಲೈಂಟ್‌ಗೆ ಕೆಲಸ ಮಾಡ್ತೀರಿ." (ಗಿಟ್ ಅಂದರೆ ಕೋಡ್‌ನಲ್ಲಿ ಯಾರು, ಯಾವಾಗ, ಏನು ಬದಲಿಸಿದರು ಅಂತ ದಾಖಲಿಡುವ ಸಾಧನ. ಕೋಡ್ ರಿವ್ಯೂ ಅಂದರೆ ಒಬ್ಬರು ಬರೆದ ಕೋಡನ್ನು ಇನ್ನೊಬ್ಬರು ಪರಿಶೀಲಿಸೋದು.) ನಾನು ಈ ಕೋರ್ಸ್ ಆರಿಸಿಕೊಂಡದ್ದೇ ಇದಕ್ಕೆ. ಇಲ್ಲದಿದ್ದರೆ ಕಂಪ್ಯೂಟರ್ ಸೈನ್ಸ್ ಓದಬಹುದಿತ್ತು ಅಲ್ವಾ? ಬಳಸುವವರ ಜೊತೆ ಕೂತು ಅವರಿಗೆ ಏನು ಬೇಕು ಅಂತ ತಿಳಿಯೋದು, ಬೇರೆಯವರು ಬರೆದ ಕೋಡ್ ತಿದ್ದೋದು, ಬಳಕೆಗೆ ಬಿಟ್ಟ ಮೇಲೆ ಬರುವ ಬಗ್‌ಗಳನ್ನು ಸರಿ ಮಾಡೋದು, ಇವನ್ನು ಕಲಿಯೋಕೆ ತಾನೇ ಬಂದದ್ದು.

ಕಲಿಸಿದ್ದೇನು? ಒಂದು ಹಂತ ಮುಗಿದ ಮೇಲೇ ಇನ್ನೊಂದು ಅನ್ನುವ ವಾಟರ್‌ಫಾಲ್ ಮಾಡೆಲ್‌ನ ಹಂತಗಳ ಬಾಯಿಪಾಠ. ಸ್ವಲ್ಪ ಸ್ವಲ್ಪವಾಗಿ ಮಾಡಿ, ಬಳಸುವವರಿಗೆ ತೋರಿಸಿ ತಿದ್ದುತ್ತಾ ಹೋಗುವ ಅಜೈಲ್ ವಿಧಾನದ ಮ್ಯಾನಿಫೆಸ್ಟೋ ಬಂದದ್ದು 2001ರಲ್ಲಿ, ಬರೆದವರು 17 ಜನ, ಇದು ಪರೀಕ್ಷೆಗೆ ಬಂತು. ಒಂದೇ ಒಂದು ಸ್ಪ್ರಿಂಟ್ (ಕೆಲವೇ ವಾರಗಳಲ್ಲಿ ಮುಗಿಸುವ ಕೆಲಸದ ಸುತ್ತು) ಮಾಡಿಸಲಿಲ್ಲ. 2005ರಿಂದ ಪುಕ್ಕಟೆ ಸಿಗುತ್ತಿರುವ ಗಿಟ್ ಬಗ್ಗೆ ಒಂದೆರಡು ಸ್ಲೈಡ್ ತೋರಿಸಿದರು. ಕೇಳಿದರೆ "ಮುಂದಿನ ಸೆಮಿಸ್ಟರ್‌ನಲ್ಲಿ ಬರುತ್ತೆ." ಮುಂದಿನ ಸೆಮಿಸ್ಟರ್‌ನಲ್ಲೂ ಅದೇ ಉತ್ತರ. ಕ್ಲೈಂಟ್ ಪ್ರಾಜೆಕ್ಟ್ ಇದೆಯಲ್ಲ, ಅಲ್ಲಿ ಎಲ್ಲಾ ಕಲಿಯಬಹುದು ಅಂತ ನಾವೆಲ್ಲ ಸುಮ್ಮನಿದ್ದೆವು.

ಆ ಪ್ರಾಜೆಕ್ಟ್ ಒಂದು ಜಿಪ್ ಫೈಲ್ ಆಗಿ ಬಂತು. ಲೈಬ್ರರಿಯಲ್ಲಿ ಪುಸ್ತಕ ಕೊಟ್ಟು ತಗೊಳ್ಳೋದನ್ನು ನೋಡಿಕೊಳ್ಳುವ ಸಾಫ್ಟ್‌ವೇರ್. "ಇದು ಕ್ಲೈಂಟ್ ಈಗ ಬಳಸುತ್ತಿರೋದು, ಇದನ್ನೇ ಮುಂದುವರಿಸಿ" ಅಂದರು. ಅದರೊಳಗೆ ಗಿಟ್ ಫೋಲ್ಡರ್ ಹಾಗೇ ಉಳಿದಿತ್ತು. ಯಾರೋ ಸೀನಿಯರ್ ತಾನಾಗಿ ಹಾಕಿಕೊಂಡಿರಬೇಕು, ಸಂಸ್ಥೆಯವರು ಅಳಿಸಿರಲಿಲ್ಲ. ಬದಲಾವಣೆಗಳ ಪಟ್ಟಿ, ಅಂದರೆ ಲಾಗ್, ತೆಗೆದು ನೋಡಿದೆ. ಮೇಲಿನ ಕಮಿಟ್‌ಗಳಲ್ಲೆಲ್ಲಾ (ಉಳಿಸಿದ ಒಂದೊಂದು ಬದಲಾವಣೆಯೂ ಒಂದು ಕಮಿಟ್) ನಮ್ಮ ಸೀನಿಯರ್‌ಗಳ ಹೆಸರು. ಇನ್ನೂ ಕೆಳಗೆ ಹೋದರೆ ಅವರ ಸೀನಿಯರ್‌ಗಳ ಹೆಸರು. ಕೊನೆಯ ಕಮಿಟ್‌ನ ಮೆಸೇಜ್ "ಫೈನಲ್ ಸಬ್ಮಿಷನ್". ಕ್ಲೈಂಟ್ ಅನ್ನೋರು ಇಲ್ಲವೇ ಇಲ್ಲ! ಬ್ಯಾಚಿನಿಂದ ಬ್ಯಾಚಿಗೆ ಅದೇ ಕೋಡ್, ಅದೇ ರಿಪೋರ್ಟ್, ಮೇಲಿನ ಹೆಸರು ಮಾತ್ರ ಬೇರೆ. ಮನೆಯಲ್ಲಿ, ಗೆಳೆಯರಲ್ಲಿ "ಹೊರಗಿನ ಕ್ಲೈಂಟ್‌ಗೆ ಕೆಲಸ ಮಾಡ್ತಿದೀನಿ" ಅಂತ ಹೇಳಿಕೊಂಡಿದ್ದೆ. ಮೈಯೆಲ್ಲಾ ಉರಿದುಹೋಯಿತು.

ಕೋಆರ್ಡಿನೇಟರ್ ಹತ್ತಿರ ಹೋದೆ. ಅವರ ಉತ್ತರ: "ಕ್ಲೈಂಟ್ ಪಾತ್ರ ನಿಮ್ಮ ಗೈಡ್ ಮಾಡ್ತಾರಲ್ಲ. ಕಂಪನಿಗಳಲ್ಲೂ ಹಳೇ ಕೋಡ್ ಮೇಲೇ ಕೆಲಸ ಮಾಡ್ಬೇಕು." ಸರ್, ಕಂಪನಿಯ ಹಳೇ ಕೋಡನ್ನು ದಿನಾ ಜನ ಬಳಸುತ್ತಾರೆ, ತಪ್ಪಾದರೆ ಯಾರೋ ಫೋನ್ ಮಾಡಿ ಬೈಯುತ್ತಾರೆ. ಇದನ್ನು ಯಾರು ಬಳಸುತ್ತಿದ್ದಾರೆ? ಉತ್ತರ ಇಲ್ಲ. ಸಂಸ್ಥೆಗೆ ಇಮೇಲ್ ಬರೆದೆ. ಬಂದ ಉತ್ತರ: "ಸಿಲೆಬಸ್ ಬದಲಾಯಿಸುವ ಹಕ್ಕು ಸಂಸ್ಥೆಗಿದೆ. ನಿಮ್ಮ ಕಲಿಕೆಗೆ ಶುಭವಾಗಲಿ." ಮತ್ತೆ ಬರೆದೆ. ಅಕ್ಷರ ಬದಲಾಗದೆ ಅದೇ ಬಂತು. ಆ ಕೌನ್ಸೆಲರ್‌ಗೆ ಫೋನ್ ಮಾಡಿದರೆ "ನಾನು ಅಡ್ಮಿಷನ್ ಮಾತ್ರ ನೋಡ್ಕೊಳ್ಳೋದು" ಅಂತ ಇಟ್ಟೇಬಿಟ್ಟರು.

ಇದರ ಏಟು ಬಿದ್ದದ್ದು ಇಂಟರ್‌ವ್ಯೂನಲ್ಲಿ. "ಕ್ಲೈಂಟ್ ಮಧ್ಯದಲ್ಲಿ ರಿಕ್ವೈರ್‌ಮೆಂಟ್ ಬದಲಾಯಿಸಿದಾಗ ನಿಮ್ಮ ಟೀಮ್ ಏನು ಮಾಡ್ತು?" ಅಂತ ಕೇಳಿದರು. ಸುಳ್ಳು ಹೇಳಲು ಮನಸ್ಸು ಬರಲಿಲ್ಲ, ನಿಜ ಹೇಳಲು ನಾಚಿಕೆ.

ಸೇರುವ ಮುಂಚೆ ಕಳೆದ ಬ್ಯಾಚಿನ ಪ್ರಾಜೆಕ್ಟ್‌ಗಳ ರೆಪೊಸಿಟರಿ (ಕೋಡ್ ಮತ್ತು ಅದರ ಬದಲಾವಣೆಗಳ ದಾಖಲೆ ಇರುವ ಜಾಗ) ತೋರಿಸಿ ಅನ್ನಿ. ಕ್ಲೈಂಟ್ ಯಾರು ಅಂತ ಬರವಣಿಗೆಯಲ್ಲಿ ಕೇಳಿ. ಕಂಪ್ಯೂಟರ್ ಮತ್ತು ಎಂಜಿನಿಯರಿಂಗ್ ಪರಿಣತರ ಅಂತರರಾಷ್ಟ್ರೀಯ ಸಂಘಗಳಾದ ಎಸಿಎಂ ಮತ್ತು ಐಇಇಇ ಸೇರಿ ತಂದಿರುವ, ಸಾಫ್ಟ್‌ವೇರ್ ಎಂಜಿನಿಯರಿಂಗ್ ಡಿಗ್ರಿಯಲ್ಲಿ ಏನು ಕಲಿಸಬೇಕು ಅನ್ನುವ ಎಸ್‌ಇ 2014 ಮಾರ್ಗಸೂಚಿ ಎಲ್ಲರಿಗೂ ಓದಲು ಸಿಗುತ್ತದೆ, ಕೊನೆಯ ಪ್ರಾಜೆಕ್ಟ್‌ಗೆ ಅದರಲ್ಲಿ ಎಷ್ಟು ಮಹತ್ವ ಕೊಟ್ಟಿದ್ದಾರೆ ನೋಡಿ, ಅದನ್ನೇ ಮುಂದಿಟ್ಟು ಕೇಳಿ. ಓದಿ ಹೊರಬಂದವರನ್ನು ಮಾತಾಡಿಸಿ, ಸಂಸ್ಥೆ ತೋರಿಸಿದವರನ್ನಲ್ಲ, ನೀವೇ ಹುಡುಕಿದವರನ್ನು. "ಅದೆಲ್ಲ ಗೌಪ್ಯ" ಅಂದರೆ ಅಲ್ಲಿಂದ ಎದ್ದು ಬನ್ನಿ. ನಮಗೂ ಹಾಗೇ ಅಂದಿದ್ದರು.